ವೇದಿಕೆಯ ಎಡಗಡೆಯ ಜಾಗ

ಜಹೀರಾಬಾದ್
3 ಆಗಸ್ಟ್ 2025

ಪ್ರಿಯ ಸ್ವರೂಪಾ,

ಒಂದು ಮಾತನ್ನು ಬರೆಯದೆ ಬಿಟ್ಟುಬಿಡಬೇಕೆಂದಿದ್ದೆ. ನಾನು ಈಗ ಹಿಂದೆಂದಿಗಿಂತಲೂ ಚೆನ್ನಾಗಿ ಗಿಟಾರ್ ನುಡಿಸುತ್ತೇನೆ. ಇದನ್ನು ಹೇಳಿದರೆ ನೀನು ‘ಹಾಗಾದರೆ ಬಾ’ ಅನ್ನುತ್ತೀಯ ಎಂದು ಗೊತ್ತು. ಹೇಳದಿದ್ದರೆ ಕೈ ನೋವು, ಕಿವಿ ಮಂದ, ವಯಸ್ಸು ಎಂದು ನೀನೇ ಏನೋ ಒಂದು ಕಾರಣ ಹುಡುಕಿಕೊಂಡು ನನ್ನನ್ನು ಕ್ಷಮಿಸಿಬಿಡುತ್ತೀಯ. ಆ ಕ್ಷಮೆ ನನಗೆ ಬೇಡ. ಚೆನ್ನಾಗಿ ನುಡಿಸುತ್ತಿರುವಾಗಲೇ ಹೇಳುತ್ತಿದ್ದೇನೆ, ನವೆಂಬರಿನ ಪ್ರವಾಸಕ್ಕೆ ನಾನು ಬರುವುದಿಲ್ಲ.

ಫೋನಿನಲ್ಲಿ ಇದನ್ನೇ ಹೇಳಲು ಹೋಗಿ ಮೊನ್ನೆ ಜಗಳವಾಯಿತು. ಯಾರು ಮೊದಲು ಫೋನ್ ಇಟ್ಟದ್ದು ಎಂಬ ವಿಷಯಕ್ಕೆ ಮತ್ತೆ ಜಗಳವಾಡುವುದು ಬೇಡ. ಬ್ಯಾಂಡಿನ ಗಂಭೀರ ವಿಷಯಗಳನ್ನೆಲ್ಲ ಕಾಗದದಲ್ಲಿ, ಅದೂ ಕನ್ನಡದಲ್ಲಿ ಮಾತಾಡಿಕೊಳ್ಳಬೇಕೆಂದು ನಾವೇ ಎಂದೋ ಮಾಡಿಕೊಂಡ ಕಟ್ಟಳೆ ಇದೆಯಲ್ಲ, ಅದಕ್ಕೆ ಮರಳೋಣ. ಇಂಗ್ಲಿಷಿನಲ್ಲಿ ಬರೆದರೆ ನಾವಿಬ್ಬರೂ ಪತ್ರಿಕೆಗೆ ಸಂದರ್ಶನ ಕೊಟ್ಟ ಹಾಗೆ ಬರೆಯುತ್ತೇವೆ. ಕಲಿತ ಶಾಲೆಯ ತಪ್ಪು ಅದು.

ನಿಮ್ಮ ಗಿಟಾರಿಸ್ಟ್ ಮುಂಬೈಯ ಸ್ಟುಡಿಯೋ ಕೆಲಸ ಹಿಡಿದು ಜುಲೈಯಲ್ಲಿ ಬಿಟ್ಟುಹೋದ, ವೇದಿಕೆಯ ಎಡಗಡೆ ಖಾಲಿ ಇದೆ, ಅದು ಹದಿನೆಂಟು ವರ್ಷ ನನ್ನ ಜಾಗವಾಗಿತ್ತು. ಎಲ್ಲ ಸರಿ. ಅಲ್ಲಿಗೆ ಒಬ್ಬಳನ್ನು ಕಳಿಸುತ್ತೇನೆ. ಹೆಸರು ನೇಹಾ, ಇಪ್ಪತ್ತೆರಡರ ಹುಡುಗಿ, ಪಸ್ತಾಪುರದವಳು. ಮೂರು ವರ್ಷದ ಹಿಂದೆ ನಾನು ಇಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಕ್ಲಾಸು ತೆರೆದಾಗ ಮೊದಲು ಬಂದ ವಿದ್ಯಾರ್ಥಿನಿ. ಅವಳು ನುಡಿಸಿದ್ದನ್ನು ನಿನ್ನ ಫೋನಿಗೆ ಕಳಿಸುತ್ತಿದ್ದೇನೆ. ಕೇಳು, ಆಮೇಲೆ ಬರೆ.

ಪೂರ್ಣಿಮಾ


ಪುಣೆ
14 ಆಗಸ್ಟ್ 2025

ಪೂರ್ಣಿ,

ನಿನ್ನ ಪತ್ರವನ್ನು ಸಂಗು ಎರಡು ಸಲ ಓದಿದ. ಡ್ರಮ್ಮಿನ ಕೋಲು ಕಿವಿಯ ಮೇಲೆ ಸಿಕ್ಕಿಸಿಕೊಂಡು, “ಭಾಳ ಛಲೋ ನುಡಿಸ್ತಾಳಂತ, ಆದ್ರ ಬರಂಗಿಲ್ಲಂತ. ಇದೇನ್ ಸುದ್ದಿನೋ ಧಮಕಿನೋ?” ಎಂದ. ನನಗೂ ತಿಳಿಯಲಿಲ್ಲ.

ನೋಡು, ನನಗೆ ಅರ್ಥವಾಗುತ್ತದೆ. ಮೂರು ವರ್ಷ ವೇದಿಕೆ ಬಿಟ್ಟವರಿಗೆ ಮತ್ತೆ ಹತ್ತಲು ಅಂಜಿಕೆಯಾಗುತ್ತದೆ. ಅದನ್ನು ಅಂಜಿಕೆ ಎಂದೇ ಹೇಳಿದ್ದರೆ ನಾನು ನಗುತ್ತಿರಲಿಲ್ಲ. ಮೊದಲ ಎರಡು ಶೋ ಕಷ್ಟ, ಮೂರನೆಯದರಲ್ಲಿ ನೀನು ನೀನೇ. ಹೈದರಾಬಾದಿನಿಂದ ಶುರು, ನಾಗಪುರ, ಭೋಪಾಲ್, ಕೊನೆಗೆ ಶಿಲ್ಲಾಂಗ್. ಶಿಲ್ಲಾಂಗಿನವರು ನಿನ್ನನ್ನು ಮರೆತಿಲ್ಲ.

ಹುಡುಗಿಯದನ್ನು ಕೇಳಿದೆ. ಬೆರಳು ಓಡುತ್ತವೆ, ಒಪ್ಪಿದೆ. ಆದರೆ ಅವಳಿಗೆ ನಿಲ್ಲಲು ಬರುವುದಿಲ್ಲ. ಒಂದು ಕಡೆಯೂ ಉಸಿರು ತೆಗೆದುಕೊಳ್ಳುವುದಿಲ್ಲ. ನಮ್ಮ ಹಾಡುಗಳೆಲ್ಲ ನಿಂತಿರುವುದೇ ನೀನು ಸುಮ್ಮನಾಗುವ ಜಾಗಗಳ ಮೇಲೆ. ಅದು ಇಲ್ಲದೆ ‘ಕಟರ್’ ಬೇರೆ ಯಾವುದೋ ಬ್ಯಾಂಡು. ಯೋಚಿಸು.

ಸ್ವರೂಪಾ


ಜಹೀರಾಬಾದ್
24 ಆಗಸ್ಟ್ 2025

ಪ್ರಿಯ ಸ್ವರೂಪಾ,

ಅಂಜಿಕೆ ಅಲ್ಲ. ಇದಕ್ಕಿಂತ ಹೆಚ್ಚು ವಾದ ಮಾಡಿದರೆ ಅಂಜಿಕೆಯ ಹಾಗೆಯೇ ಕಾಣುತ್ತದೆ, ಆದ್ದರಿಂದ ಇಲ್ಲಿಗೆ ಬಿಡುತ್ತೇನೆ.

ನಾನು ಸುಮ್ಮನಾಗುವುದನ್ನು ಎಲ್ಲಿ ಕಲಿತೆ ಎಂಬುದು ನಿನಗೆ ನೆನಪಿರಬೇಕು. ತಾಂಡೂರಿನಲ್ಲಿ ನಿಮ್ಮಪ್ಪನ ಕಲ್ಲು ಪಾಲಿಶ್ ಮಾಡುವ ಶೆಡ್ಡು. ವಾರದ ರಜೆಯ ದಿನ ಮಷೀನುಗಳು ನಿಂತಿರುತ್ತಿದ್ದವು, ನಾವು ಅಲ್ಲೇ ತಾಲೀಮು ಮಾಡುತ್ತಿದ್ದೆವು, ಬ್ಯಾಂಡಿಗೆ ಅಲ್ಲಿಯ ಕಲ್ಲು ಕೊಯ್ಯುವ ಮಷೀನಿನ ಹೆಸರನ್ನೇ, ‘ಕಟರ್’ ಎಂದು, ಇಟ್ಟೆವು. ಗೋಡೆಯುದ್ದಕ್ಕೂ ಒರಗಿಸಿಟ್ಟ ಬಂಡೆಗಳು ನನ್ನ ಒಂದೊಂದು ಸ್ವರವನ್ನೂ ತಿರುಗಿ ಕೊಡುತ್ತಿದ್ದವು. ಅದು ಮುಗಿಯುವ ತನಕ ಕಾಯದೆ ಇನ್ನೊಂದು ನುಡಿಸಿದರೆ ಎಲ್ಲ ಕಲಸಿ ಗದ್ದಲ. ಹಾಗಾಗಿ ನಾನು ನುಡಿಸಿ ನಿಲ್ಲುತ್ತಿದ್ದೆ, ಕಲ್ಲು ಉತ್ತರ ಕೊಡುತ್ತಿತ್ತು, ಆಮೇಲೆ ಮುಂದೆ. ಎಲ್ಲರೂ ಹೀಗೆಯೇ ನುಡಿಸುತ್ತಾರೆಂದು ನಾವು ತಿಳಿದಿದ್ದೆವು. ಬೇರೆ ಬ್ಯಾಂಡನ್ನು ನೋಡಿದ್ದರೆ ತಾನೆ?

ಹೈದರಾಬಾದಿನಲ್ಲಿ ನಮ್ಮ ಮೊಟ್ಟಮೊದಲ ಶೋ ಬಯಲಿನಲ್ಲಿ. ಅಭ್ಯಾಸಬಲದಿಂದ ನಾನು ನಿಂತೆ, ಏನೂ ಹಿಂದಿರುಗಿ ಬರಲಿಲ್ಲ. ತಂತಿ ಹರಿಯಿತೆಂದು ಜನ ತಿಳಿದರು. ನೀನು ಗಾಬರಿಯಿಂದ ಬೇಸ್ ಗಿಟಾರಿನಲ್ಲಿ ಏನೋ ನುಡಿಸಿ ಆ ಖಾಲಿಯನ್ನು ತುಂಬಿದೆ. ಮರುದಿನ ಪತ್ರಿಕೆಯವರು ಅದನ್ನು ನಮ್ಮ ಶೈಲಿ ಎಂದು ಬರೆದರು. ಶೈಲಿಯೆಂದು ಯಾರೋ ಹೇಳಿದ ಮೇಲೆ ನಾವು ಅದನ್ನು ಬಿಡಲಿಲ್ಲ.

ನೇಹಾ ಕಲಿತದ್ದು ಬೇರೆ ಕಡೆ. ನನ್ನ ಹತ್ತಿರ ಬರುವ ಮೊದಲು ಅವಳು ಮದುವೆಯ ಬರಾತಿನ ಮೆರವಣಿಗೆಯಲ್ಲಿ ನುಡಿಸುತ್ತಿದ್ದಳು, ಈಗಲೂ ನುಡಿಸುತ್ತಾಳೆ. ತಳ್ಳುಗಾಡಿಯ ಮೇಲೆ ಕೊಂಬಿನ ಸ್ಪೀಕರು, ಜನರೇಟರು, ಅದರ ಪಕ್ಕದಲ್ಲಿ ಗಿಟಾರ್ ಹಿಡಿದು ನಡೆಯುವ ಹುಡುಗಿ. ಬರಾತಿನಲ್ಲಿ ಸಂಗೀತ ನಿಲ್ಲಿಸುವ ಹಾಗಿಲ್ಲ. ನಿಂತರೆ ಕುಣಿಯುವವರು ನಿಲ್ಲುತ್ತಾರೆ, ಮದುಮಗನ ಮಾವ ಬೈಯುತ್ತಾನೆ, ಮುಂದಿನ ಮದುವೆಗೆ ಬೇರೆ ಬ್ಯಾಂಡು. ನಿಲ್ಲದೆ ನುಡಿಸುವುದೇ ಅವಳ ಕೆಲಸ.

ಅವಳಿಗೆ ನನ್ನ ಹಾಗೆ ನಿಲ್ಲುವುದನ್ನು ಕಲಿಸಬಹುದು. ಒಂದು ತಿಂಗಳು ಸಾಕು. ಕಲಿಸಬೇಕೋ ಬೇಡವೋ ಎಂದು ದಿನವೂ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ.

ಪೂರ್ಣಿಮಾ


ಮನೂರ್, ನಾರಾಯಣಖೇಡದ ಹತ್ತಿರ
21 ಸೆಪ್ಟೆಂಬರ್ 2025

ಸ್ವರೂಪಾ,

ನಿನ್ನಿಂದ ಪತ್ರ ಬರಲಿಲ್ಲ. ಯಾಕೆಂದು ಈಗ ಗೊತ್ತಾಯಿತು.

ಮಂಗಳವಾರ ನೇಹಾ ಕ್ಲಾಸಿಗೆ ಬಂದು ಗಿಟಾರನ್ನು ಚೀಲದಿಂದ ತೆಗೆಯದೆ ಕುಳಿತಳು. ಫೋನ್ ತೆರೆದು ನನ್ನ ಮುಂದೆ ಹಿಡಿದಳು. ಪ್ರವಾಸದ ಪೋಸ್ಟರು. ನಡುವೆ ನೀನು, ಹಿಂದೆ ಸಂಗು, ಎಡಗಡೆ ಹನ್ನೆರಡು ವರ್ಷ ಹಳೆಯ ನಾನು. ಕೆಳಗೆ ‘ಪೂರ್ಣಿಮಾ ಮರಳಿ ಬಂದಿದ್ದಾರೆ’.

“ಟೀಚರ್, ನೀವ ಹೊಂಟೀರಿ ಅಂದಮ್ಯಾಗ ನನಗ್ಯಾಕ ಆಸೆ ಹಚ್ಚಿದ್ರಿ?” ಎಂದಳು. ದನಿ ಏರಿಸಲಿಲ್ಲ. ಅವಳು ಎರಡು ತಿಂಗಳ ಮದುವೆ ಸೀಸನ್ನಿಗೆ ಒಪ್ಪಿಕೊಳ್ಳದೆ ಬಿಟ್ಟಿದ್ದಾಳೆ, ಈ ಜಾಗಕ್ಕಾಗಿ. ಬರಾತಿನ ಮೇಸ್ತ್ರಿ ಬೇರೆಯವರನ್ನು ಗೊತ್ತುಮಾಡಿಯೂ ಆಯಿತು. ನಾನು ಹೋಗುತ್ತಿಲ್ಲ ಎಂದೆ. ನಂಬಲಿಲ್ಲ. ಪೋಸ್ಟರಿನಲ್ಲಿ ನನ್ನ ಮುಖ ಇರುವಾಗ ಅವಳು ಯಾಕೆ ನಂಬಬೇಕು?

ನೀನು ನನ್ನನ್ನು ಕೇಳಿದ್ದೆ, ನಾನು ಇಲ್ಲ ಎಂದಿದ್ದೆ. ನನ್ನ ‘ಇಲ್ಲ’ವನ್ನು ನೀನು ‘ಇನ್ನೊಮ್ಮೆ ಕೇಳು’ ಎಂದು ಓದಿಕೊಂಡೆ. ಹಾಗೆ ಓದಲು ನಾನೇ ಅವಕಾಶ ಕೊಟ್ಟೆನೇನೋ ಎಂದು ನನ್ನ ಹಿಂದಿನ ಮಾತುಗಳನ್ನೆಲ್ಲ ನೆನೆದು ನೋಡಿದೆ. ಇಲ್ಲ, ಕೊಟ್ಟಿರಲಿಲ್ಲ.

ತಲೆ ತಣ್ಣಗಾಗಲೆಂದು ಊರಿಗೆ ಬಂದಿದ್ದೇನೆ. ಪೋಸ್ಟರನ್ನು ಅಪ್ಪನಿಗೆ ತೋರಿಸಿದೆ. ಕುರಿಗೆ ಸೊಪ್ಪು ಹಾಕುತ್ತಿದ್ದವನು ಕನ್ನಡಕ ಏರಿಸಿ, “ಈ ಪೋರಿ ಯಾರ? ನಮ್ಮ ಮಂದ್ಯಾಗಿನಾಕಿ ಇದ್ದಂಗ ಕಾಣ್ತಾಳ” ಎಂದ. ಅವ್ವ ಒಳಗಿನಿಂದಲೇ ಅಪ್ಪನ ಹೆಸರು ಹಿಡಿದು, “ಬೀರಣ್ಣನ ಮಗಳಂತ. ಯಾಡ್ ಮಾತಿಗೊಮ್ಮೆ ಮನಿ ಬಿಟ್ಟು ಹೊಂಡತಾಳಂತ, ಅಪ್ಪನಂಗ” ಎಂದಳು. ಸುಗ್ಗಿ ಮುಗಿಯುತ್ತಲೇ ಅಪ್ಪ ಹಿಂಡು ಹೊಡೆದುಕೊಂಡು ತಿಂಗಳುಗಟ್ಟಲೆ ಹೋಗುತ್ತಿದ್ದುದಕ್ಕೆ ಅವ್ವನ ಚುಚ್ಚು ಇನ್ನೂ ನಿಂತಿಲ್ಲ. ಮೂವರೂ ನಕ್ಕೆವು. ನಕ್ಕ ಮೇಲೆ ನಿನ್ನ ಮೇಲಿನ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧ ಇದೆ.

ನಾನು ಕೇಳುವುದು ಒಂದೇ. ಅಕ್ಟೋಬರಿನಲ್ಲಿ ನೀನು ತಾಂಡೂರಿಗೆ ಬರುತ್ತೀಯಲ್ಲ, ಸಂಗುವನ್ನೂ ಕರೆದುಕೊಂಡು ಬಾ. ರಜೆಯ ದಿನ ಶೆಡ್ಡಿನಲ್ಲಿ ನೇಹಾಳ ಜೊತೆ ನುಡಿಸಿ ನೋಡು. ನಿಲ್ಲುವುದನ್ನು ಅವಳಿಗೆ ಕಲಿಸಿಲ್ಲ, ಕಲಿಸುವುದೂ ಇಲ್ಲ ಎಂದು ತೀರ್ಮಾನಿಸಿದ್ದೇನೆ. ಇಷ್ಟವಾಗದಿದ್ದರೆ ಬೇರೆ ಯಾರನ್ನಾದರೂ ತೆಗೆದುಕೋ. ಪೋಸ್ಟರನ್ನು ಮಾತ್ರ ಏನೇ ಆದರೂ ಬದಲಿಸಬೇಕು.

ಪೂರ್ಣಿಮಾ


ತಾಂಡೂರ್
13 ಅಕ್ಟೋಬರ್ 2025

ಪೂರ್ಣಿ,

ನಿನ್ನೆ ಶೆಡ್ಡಿನಲ್ಲಿ ನಾವು ಹೆಚ್ಚು ಮಾತಾಡಲಿಲ್ಲ. ನೀನು ನಾಲ್ಕು ಗಂಟೆಯ ಬಸ್ಸು ಎಂದೆ, ಹೋದೆ. ಆದ್ದರಿಂದ ಬರೆಯುತ್ತಿದ್ದೇನೆ.

ಪೋಸ್ಟರಿನದು ನನ್ನ ತಪ್ಪು. ನಿನ್ನ ಹೆಸರಿದ್ದರೆ ಮಾತ್ರ ಟಿಕೆಟು ಹೋಗುತ್ತವೆ ಎಂದು ಕಾರ್ಯಕ್ರಮದವರು ಹೇಳಿದರು ಎಂದು ಬರೆಯಲು ಹೊರಟಿದ್ದೆ. ಅವರು ಹೇಳಲಿಲ್ಲ. ನಾನೇ ಹೇಳಿದೆ. ಈ ವಾರ ಹೊಸದು ಬರುತ್ತದೆ.

ನೇಹಾ ಶುರುಮಾಡಿದಾಗ ಏನಾಯಿತೆಂದು ನೀನೂ ಕೇಳಿದೆ. ಕಲ್ಲಿನಿಂದ ಎಲ್ಲ ತಿರುಗಿ ಬಂದು ಒಂದರ ಮೇಲೊಂದು ಬಿದ್ದು ಸಂತೆಯಾಯಿತು. ಮುಗೀತು ಎಂದುಕೊಂಡೆ. ಅವಳಾದರೂ ನಿಲ್ಲಲಿಲ್ಲ, ಗಾಬರಿಯೂ ಆಗಲಿಲ್ಲ. ನನ್ನ ಮುಖ ನೋಡದೆ ಕಾಲು ನೋಡತೊಡಗಿದಳು. ಯಾಕೆ ಎಂದು ಹೊಳೆಯಲಿಲ್ಲ. ಬೇಸ್ ನುಡಿಸುವಾಗ ನನ್ನ ಎಡಗಾಲು ತಾನಾಗಿ ತಾಳ ಹಾಕುತ್ತದಂತೆ, ನನಗೇ ಗೊತ್ತಿರಲಿಲ್ಲ. ಅವಳು ಅದನ್ನು ಹಿಡಿದು ಅದಕ್ಕಿಂತ ಕೂದಲೆಳೆಯಷ್ಟು ಮುಂದೆ ನುಡಿಸಿದಳು. ನಾನು ಹಿಂದೆ ಬಿದ್ದೆ. ಹಿಡಿಯಲು ಹೋದೆ. ಮತ್ತೆ ಎಳೆದಳು. ಹಾಡು ಮುಗಿಯುವಾಗ ನಾನು ನಿಂತ ಜಾಗದಲ್ಲಿರಲಿಲ್ಲ, ಕಟಿಂಗ್ ಮಷೀನಿನ ಹತ್ತಿರ ಹೋಗಿದ್ದೆ.

ಸಂಗು ಏನೆಂದ ಗೊತ್ತೇ? “ಇಪ್ಪತ್ ವರ್ಷ ಕಂಬದಂಗ ನಿಂತಿದ್ದಿ. ಈ ಪೋರಿ ನಿನ್ನ ಬರಾತ್ ಎಬ್ಬಿಸಿದ್ಲು ನೋಡು.”

ಅವಳು ನಿಲ್ಲದಿರುವುದು ಕೇಳಿಸಿಕೊಳ್ಳದ್ದರಿಂದ ಎಂದು ನಾನು ತಿಳಿದಿದ್ದೆ. ಕುಣಿಯುವವರ ಕಾಲು ನೋಡಿ ನೋಡಿ ಅವಳು ನಮ್ಮೆಲ್ಲರಿಗಿಂತ ಹೆಚ್ಚು ಗಮನ ಕೊಡುವುದನ್ನು ಕಲಿತಿದ್ದಾಳೆ. ಜಾಗ ಅವಳದು. ಹಳೆಯ ಹಾಡುಗಳನ್ನೆಲ್ಲ ಬದಲಿಸಬೇಕು, ಸಮಯ ಕಡಿಮೆ ಇದೆ, ಸಂಗುವಿಗೆ ಈಗಲೇ ಮೈಯಲ್ಲಿ ಹುರುಪು ಬಂದಿದೆ.

ಒಂದು ಮಾತು ಮಾತ್ರ ಚುಚ್ಚುತ್ತಿದೆ. ಕೊನೆಗೆ ನೀನೂ ನೇಹಾಳೂ ಸೇರಿ ಒಂದು ಹಾಡು ನುಡಿಸಿ ಎಂದು ಕೇಳಿದೆ. ನೀನು ನಕ್ಕು ಗಿಟಾರನ್ನು ಚೀಲಕ್ಕೆ ಹಾಕಿದೆ. ಹೊರೆ ಇಳಿಸಿದವಳ ಹಾಗೆ ಕಂಡೆ. ನಮ್ಮ ಜೊತೆಗಿನ ಹದಿನೆಂಟು ವರ್ಷ ನಿನಗೆ ಹೊರೆಯಾಗಿತ್ತೇ?

ಸ್ವರೂಪಾ


ಜಹೀರಾಬಾದ್
26 ಅಕ್ಟೋಬರ್ 2025

ಪ್ರಿಯ ಸ್ವರೂಪಾ,

ಹೊರೆಯಾಗಿರಲಿಲ್ಲ. ಅದರ ಬಗ್ಗೆ ಆಮೇಲೆ ಬರೆಯುತ್ತೇನೆ. ಮೊದಲು ಪಸ್ತಾಪುರದ ಸುದ್ದಿ ಕೇಳು, ಯಾಕೆಂದರೆ ನಮ್ಮ ಇಡೀ ಏರ್ಪಾಡು ಅಲ್ಲಿ ಬಿದ್ದುಹೋಗುವುದರಲ್ಲಿತ್ತು.

ದೀಪಾವಳಿ ಮುಗಿದ ಮೇಲೆ ನೇಹಾಳ ಮನೆಗೆ ಹೋದೆ. ಅಪ್ಪ ತುಳಸಿರಾಮ ಮಾತಿನವನಲ್ಲ. ಅಮ್ಮ ಕೌಶಲ್ಯಾಬಾಯಿ ಅಲ್ಲಿಯ ಹೆಂಗಸರ ಸಂಘದಲ್ಲಿ ಮುಂದಾಳು. ನಾನು ಹೋದಾಗ ಬೀಜಕ್ಕೆಂದು ನವಣೆ ಹಸನು ಮಾಡುತ್ತಿದ್ದರು. ಮೊರದಲ್ಲಿ ಕೇರುತ್ತಲೇ ಒಂದೊಂದಾಗಿ ಕೇಳಿದರು. ವ್ಯಾನಿನಲ್ಲಿ ಯಾರ್ಯಾರಿರುತ್ತಾರೆ, ಹೆಂಗಸರು ಎಷ್ಟು ಜನ, ಶಿಲ್ಲಾಂಗಿನಲ್ಲಿ ಚಳಿ ಎಷ್ಟು, ಅಲ್ಲಿ ರೊಟ್ಟಿ ಸಿಗುತ್ತದೋ ಇಲ್ಲವೋ. ರೊಟ್ಟಿ ಸಿಗುವುದಿಲ್ಲ ಎಂದು ನಿಜ ಹೇಳಿದೆ. ಅದಕ್ಕೆ ಅವರು ತಾವೇ ಪರಿಹಾರ ಕಂಡುಕೊಂಡರು. ಆರಿಸಿದ ಖಡಕ್ ರೊಟ್ಟಿಯ ಒಂದು ಡಬ್ಬಿ ನಿಮ್ಮ ವ್ಯಾನಿಗೆ ಬರುತ್ತದೆ, ಸಂಗುವಿನ ಕೈಗೆ ಸಿಗದಂತೆ ನೋಡಿಕೋ.

ಜನ ಏನನ್ನುತ್ತಾರೋ ಎಂಬ ಮಾತು ಬರಬಹುದೆಂದು ನಾನು ಉತ್ತರ ಸಿದ್ಧಮಾಡಿಕೊಂಡು ಹೋಗಿದ್ದೆ. ಅದು ಬರಲೇ ಇಲ್ಲ. ಮಗಳು ಬರಾತಿನ ಹಿಂದೆ ನಡೆಯತೊಡಗಿದ ದಿನವೇ ಜನ ಹೇಳುವುದೆಲ್ಲ ಹೇಳಿ ಮುಗಿಸಿದ್ದರು. ಅವರು ಕೇಳಿದ್ದು ಬೇರೆ. ಮೊರ ಕೆಳಗಿಟ್ಟು, ಮುಖ ನೋಡಿ ಕೇಳಿದರು.

“ಒಂದ ಮಾತ್ ಹೇಳ್ರಿ ಟೀಚರ್. ಅಲ್ಲಿ ಅಷ್ಟು ಛಲೋ ಇದ್ರ ನೀವ್ಯಾಕ ಹೋಗ್ಲಿಲ್ಲ? ನೀವ ಬ್ಯಾಡಂತ ಬಿಟ್ಟದ್ದು ನಮ್ಮ ಪೋರಿಗಿ ಯಾಕ ಕೊಡ್ತೀರಿ?”

ನೇಹಾ ಬಾಗಿಲಲ್ಲಿ ನಿಂತಿದ್ದಳು. ತುಳಸಿರಾಮ ಕೂಡ ತಲೆಯೆತ್ತಿದ. ಇಷ್ಟು ದಿನ ನಿನಗೆ ಬರೆದ ಯಾವ ಮಾತೂ ಅಲ್ಲಿ ನಡೆಯುವಂತಿರಲಿಲ್ಲ. ಏನೋ ಒಂದು ಹೇಳಿದೆ. ಕೌಶಲ್ಯಾಬಾಯಿ ಮೊರವನ್ನು ಮತ್ತೆ ಕೈಗೆತ್ತಿಕೊಂಡು, “ಹಂಗಾದ್ರ ಹೋಗ್ಲಿ” ಎಂದರು. ಚಹಾ ಬಂತು.

ವ್ಯಾನು ಏಳನೇ ತಾರೀಕು ಪುಣೆಯಿಂದ ಹೈದರಾಬಾದಿಗೆ ಹೋಗುವಾಗ ಹೇಗೂ ನಮ್ಮೂರಿನ ಹೈವೇ ಮೇಲೆಯೇ ಬರಬೇಕು. ಇಲ್ಲಿ ನಿಲ್ಲಿಸಿ ಹತ್ತಿಸಿಕೊಳ್ಳಿ.

ಪೂರ್ಣಿಮಾ


ಪುಣೆ
1 ನವೆಂಬರ್ 2025

ಪೂರ್ಣಿ,

ಚಿಕ್ಕ ಪತ್ರ. ಪ್ಯಾಕಿಂಗ್ ನಡೆದಿದೆ.

ಏಳಕ್ಕೆ ಮಧ್ಯಾಹ್ನ ಜಹೀರಾಬಾದಿನಲ್ಲಿರುತ್ತೇವೆ. ವ್ಯಾನಿನಲ್ಲಿ ಒಂದು ಸೀಟು ಹೆಚ್ಚಿಗೆ ಇದೆ, ಕಿಟಕಿಯದು. ನೇಹಾಳ ಜಾಗಕ್ಕೆ ಕೈ ಹಾಕುತ್ತಿಲ್ಲ. ಎರಡನೇ ಗಿಟಾರ್ ಇದ್ದರೂ ಹಾಡುಗಳು ಕೆಡುವುದಿಲ್ಲ. ಅದೂ ಬೇಡವೆಂದರೆ ಸುಮ್ಮನೆ ಜೊತೆಗೆ ಬಾ, ಶಿಲ್ಲಾಂಗ್ ನೋಡಿಕೊಂಡು ಹೋಗು. ಕ್ಲಾಸಿಗೆ ರಜೆ ಕೊಟ್ಟರೆ ಮಕ್ಕಳು ಖುಷಿಪಡುತ್ತಾರೆ.

ಕೌಶಲ್ಯಾಬಾಯಿಗೆ ಏನು ಹೇಳಿದೆ ಎಂದು ನೀನು ಬರೆಯಲಿಲ್ಲ. ನನಗೂ ಅದೇ ಬೇಕು.

ಸ್ವರೂಪಾ


ಜಹೀರಾಬಾದ್
6 ನವೆಂಬರ್ 2025

ಪ್ರಿಯ ಸ್ವರೂಪಾ,

ಕೌಶಲ್ಯಾಬಾಯಿಗೆ ಹೇಳಿದ್ದು ಇಷ್ಟು: “ನಾ ಬ್ಯಾಡಂತ ಬಿಟ್ಟದ್ದಲ್ಲರಿ. ನನಗ ಈಗೂ ಹೋಗಬೇಕು ಅನಸ್ತದ. ಜಾಗ ಒಂದ ಅದ, ಅದು ನೇಹಾಂದು.”

ಅಂಥ ಮಾತನ್ನು ನಾನು ಯಾರೆದುರಿಗೂ ಆಡಿರಲಿಲ್ಲ, ನಿನ್ನೆದುರಿಗೂ. ಬೇಕಿದ್ದರೂ ಬಿಟ್ಟೆ ಎಂದರೆ ನೀನು ತ್ಯಾಗ ಎಂಬ ದೊಡ್ಡ ಮಾತು ತರುತ್ತೀಯ, ಅಥವಾ ವ್ಯಾನ್ ತಿರುಗಿಸಿಕೊಂಡು ಬರುತ್ತೀಯ. ಎರಡೂ ಬೇಡವಾಗಿತ್ತು. ತಾಂಡೂರಿನಲ್ಲಿ ಗಿಟಾರನ್ನು ಚೀಲಕ್ಕೆ ಹಾಕಿದ್ದು ಹೊರೆ ಇಳಿಸಿದ್ದಲ್ಲ. ಆ ಹಾಡಿಗೆ ಕೈ ಹಾಕಿದ್ದರೆ ಬಿಡಲು ಆಗುತ್ತಿರಲಿಲ್ಲ. ನಾಲ್ಕು ಗಂಟೆಯ ಬಸ್ಸು ಅಲ್ಲ, ನಾನು ಐದೂವರೆಯ ಬಸ್ಸಿಗೆ ಹೋದೆ. ಅಲ್ಲಿಯವರೆಗೆ ನಿಲ್ದಾಣದಲ್ಲಿ ಕೂತು ಕಡಲೆಕಾಯಿ ತಿಂದೆ, ಚೀಲದ ಮೇಲೆ ಬೆರಳಿನಿಂದ ಆ ಹಾಡನ್ನೇ ನುಡಿಸಿದೆ. ಪಕ್ಕದ ಮುದುಕಿ ದೂರ ಸರಿದು ಕೂತಳು.

ಎರಡನೇ ಗಿಟಾರಿನ ಬಗ್ಗೆ. ನಾನು ವೇದಿಕೆಯ ಮೇಲಿದ್ದರೆ ನೇಹಾ ನಿಮ್ಮ ಕಾಲು ನೋಡುವುದಿಲ್ಲ, ನನ್ನ ಮುಖ ನೋಡುತ್ತಾಳೆ. ಮೂರು ವರ್ಷದ ಅಭ್ಯಾಸ ಅದು. ಎದುರಿಗಿರುವ ಜನ ಕೂಡ ಅವಳನ್ನು ನನ್ನ ಜೊತೆ ತೂಗುತ್ತಾರೆ, ನನ್ನನ್ನು ಹೊಗಳುತ್ತಾರೆ, ನಾನು ಬೇಡ ಬೇಡ ಎನ್ನುತ್ತ ಅದನ್ನು ಕೇಳಿಸಿಕೊಳ್ಳುತ್ತೇನೆ. ನನ್ನ ಬಗ್ಗೆ ನನಗಿರುವ ತಿಳಿವಳಿಕೆ ಅಷ್ಟಾದರೂ ಇದೆ.

ಇಲ್ಲಿ ಸುಖವಾಗಿದ್ದೇನೆ ಎಂಬುದು ಸುಳ್ಳಲ್ಲ. ಸೋಮವಾರದಿಂದ ಹೊಸ ತಂಡ, ಅದರಲ್ಲಿ ಧನಲಕ್ಷ್ಮಿ ಎಂಬ ಮಿಡ್ಲ್ ಸ್ಕೂಲ್ ಟೀಚರ್ ಒಬ್ಬರಿದ್ದಾರೆ, ನನಗಿಂತ ದೊಡ್ಡವರು. ಅವರಿಗೆ ಒಂದೂ ಹಾಡು ಬೇಡವಂತೆ, ದೊಡ್ಡ ಸದ್ದು ಮಾಡುವುದು ಹೇಗೆ ಎಂದಷ್ಟೇ ಕಲಿಸಬೇಕಂತೆ. ಅವರ ಜೊತೆ ಶುರುಮಾಡಲು ಕಾತರದಿಂದಿದ್ದೇನೆ. ಅದೂ ನಿಜ, ಇದೂ ನಿಜ. ಎರಡರಲ್ಲಿ ಯಾವುದು ಹೆಚ್ಚು ನಿಜ ಎಂದು ತೂಗಿ ನೋಡಿದೆ, ತಕ್ಕಡಿ ನಿಲ್ಲಲಿಲ್ಲ. ನಿಲ್ಲದಿದ್ದರೂ ತೀರ್ಮಾನ ಮಾಡಬಹುದು ಎಂದು ಈ ವಯಸ್ಸಿಗೆ ಗೊತ್ತಾಗಿದೆ. ಮಾಡಿದ್ದೇನೆ.

ನಾಳೆ ನಾನು ಹೈವೇಗೆ ಬರುವುದಿಲ್ಲ. ನೇಹಾಳನ್ನು ಅವಳ ಅಪ್ಪ ಅಮ್ಮ ಕರೆತರುತ್ತಾರೆ. ಆ ಹೊತ್ತಿಗೆ ಕ್ಲಾಸಿದೆ ಎಂದು ಅವಳಿಗೆ ಹೇಳಿದ್ದೇನೆ; ಇಲ್ಲ. ನಾನು ಇಲ್ಲೇ ಬಾಗಿಲು ಹಾಕಿಕೊಂಡು ಕೂತಿರುತ್ತೇನೆ. ಯಾಕೆಂದರೆ ನೀನು ವ್ಯಾನಿನ ಬಾಗಿಲು ತೆರೆದು, ಕೆಳಗಿಳಿಯದೆ, ‘ಬಾರೇ’ ಎಂದು ಒಂದೇ ಒಂದು ಸಲ ಅಂದರೂ ನಾನು ಹತ್ತಿಬಿಡುತ್ತೇನೆ. ಆ ಕಿಟಕಿಯ ಸೀಟಿಗೆ ಚೀಲ ಇಡಿ.

ಈ ಪತ್ರ ಅಂಚೆಗೆ ಬೀಳುವ ಹತ್ತನೇ ತಾರೀಕಿಗೆ ನೀವು ಹೈದರಾಬಾದ್ ಮುಗಿಸಿ ನಾಗಪುರ ದಾಟಿರುತ್ತೀರಿ, ನೇಹಾ ಎಡಗಡೆ ನಿಂತು ನುಡಿಸಿಯಾಗಿರುತ್ತದೆ, ‘ಬಾ’ ಎಂದು ಕೇಳಲು ನಿನಗೆ ಏನೂ ಉಳಿದಿರುವುದಿಲ್ಲ. ಶಿಲ್ಲಾಂಗಿನ ವಿಳಾಸ ಬರೆದು ಅಂಟಿಸಿದ್ದೇನೆ.

ಪೂರ್ಣಿಮಾ

ಅಂಚೆಗೆ ಹಾಕುವುದು: ಸೋಮವಾರ, 10 ನವೆಂಬರ್ 2025.